ಅಂಗಳದಲ್ಲಿ ಅಮ್ಮನ ತಟ್ಟೆ

ಈ ಹಡಗಿನಲ್ಲಿ ನಾನು ಒರೆಸದ ಕುರ್ಚಿಯಿಲ್ಲ. ಕೂತ ಕುರ್ಚಿಯೂ ಇಲ್ಲ.

ಪ್ರಯಾಣಿಕರು ಓಡಾಡುವ ಕಡೆ ಕೆಲಸದವರು ಕೂರಬಾರದು. ಗೋಡೆಗೆ ಒರಗಬಾರದು. ಅವರ ಲಿಫ್ಟ್ ಹತ್ತಬಾರದು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಅವರು ಅರ್ಧ ತಿಂದು ಬಿಟ್ಟ ತಟ್ಟೆಯ ಕಡೆ ನೋಡಬಾರದು. ಎದುರಿಗೆ ಸಿಕ್ಕರೆ ಹಲ್ಲು ಕಾಣುವಂತೆ ನಗಬೇಕು. ಸೇರಿದ ದಿನವೇ ಇದನ್ನೆಲ್ಲ ಬಾಯಿಪಾಠ ಮಾಡಿಸುತ್ತಾರೆ. ನನ್ನ ಹೆಸರು ಲೆಟಿ. ಫಿಲಿಪೀನ್ಸಿನ ಇಲೊಯಿಲೊ ಕಡೆಯ ಒಂದು ಮೀನುಗಾರರ ಹಳ್ಳಿಯವಳು. ಫ್ಲಾರಿಡಾದಿಂದ ಹೊರಟು ಕೆರಿಬಿಯನ್ ದ್ವೀಪಗಳನ್ನು ಸುತ್ತಿ ಮತ್ತೆ ಫ್ಲಾರಿಡಾಕ್ಕೇ ಬಂದು ನಿಲ್ಲುವ ಹಡಗು ಇದು. ಇದರಲ್ಲಿ ಸೂಟ್ ಕೋಣೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಸೂಟ್ ಅಂದರೆ ಇಡೀ ಹಡಗಿನಲ್ಲಿ ಹೆಚ್ಚು ದುಡ್ಡು ಸುರಿದವರು ಇರುವ ಕೋಣೆಗಳು. ಒಂದೊಂದೂ ನಮ್ಮ ಹಳ್ಳಿಯ ಶಾಲೆಯಷ್ಟು ದೊಡ್ಡದು. ಅಲ್ಲಿನ ಹಾಸಿಗೆ ಎತ್ತಿ ಎತ್ತಿ ನನ್ನ ಎಡ ಮಣಿಕಟ್ಟು ಸತ್ತುಹೋಗಿದೆ. ಬಟ್ಟೆ ಬಿಗಿದು ಕಟ್ಟಿಕೊಂಡು ಎತ್ತುತ್ತೇನೆ. ಮಂಡಿಯೂರಿ ಅವರ ಕಮೋಡು ಉಜ್ಜುತ್ತೇನೆ. ಮೋರಿಯಲ್ಲಿ ಸಿಕ್ಕಿದ ಅವರ ಕೂದಲನ್ನು ಬೆರಳಲ್ಲಿ ಎಳೆದು ತೆಗೆಯುತ್ತೇನೆ. ಕುಡಿದು ಕಾರಿದ್ದನ್ನು ಬಳಿಯುತ್ತೇನೆ. ತೊಳೆಯುವ ಔಷಧಿಗೆ ಬೆರಳ ತುದಿಯ ಚರ್ಮ ಸವೆದು, ನನ್ನ ಫೋನಿಗೇ ನನ್ನ ಹೆಬ್ಬೆಟ್ಟಿನ ಗುರುತು ಹತ್ತುವುದಿಲ್ಲ. ಇಷ್ಟಾದ ಮೇಲೆ ಅವರಿಗೆ ಖುಷಿಯಾಗಲೆಂದು ಟವೆಲ್ಲನ್ನು ಮಂಗನ ಆಕಾರಕ್ಕೆ ಮಡಿಸಿ ತೂಗುಹಾಕಬೇಕು. ಮಂಗ ಯಾರು ಅನ್ನುವುದು ಬೇರೆ ಮಾತು.

ನಾವು ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿಯಿಲ್ಲ. ಆಕಾಶ ಅಂತ ನಮಗಿದ್ದದ್ದು ಒಂದೇ ಜಾಗ. ಹಡಗಿನ ಮುಂತುದಿಯಲ್ಲಿ, ಲಂಗರಿನ ಸರಪಳಿ ಮತ್ತು ಹಗ್ಗ ಸುತ್ತುವ ದೊಡ್ಡ ಉರುಳೆಗಳ ನಡುವೆ, ಹಸಿರು ಬಣ್ಣ ಬಳಿದ ಕಬ್ಬಿಣದ ನೆಲ. ನಾವು ಅದನ್ನು ಅಂಗಳ ಅನ್ನುತ್ತಿದ್ದೆವು. ಬಿಸಿಲಿಗೆ ಕಾದು ಹೆಂಚಾಗುತ್ತಿತ್ತು. ಆದರೂ ಅಲ್ಲಿ ಕೂರಬಹುದಿತ್ತು. ಚಪ್ಪಲಿ ಬಿಡಬಹುದಿತ್ತು. ನಗದೆ ಇರಬಹುದಿತ್ತು. ಅಲ್ಲಿ ಮಾತ್ರ ಫೋನ್ ಸರಿಯಾಗಿ ಹಿಡಿಯುತ್ತಿತ್ತು.

ಅಮ್ಮ ಸತ್ತ ಸುದ್ದಿ ನನಗೆ ಬಂದದ್ದೂ ಅಲ್ಲೇ. ನನ್ನ ಮಗಳು ಫೋನ್ ಮಾಡಿದ್ದಳು. ಅವಳು ಅಮ್ಮನ ಮನೆಯಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಾಳೆ. ಅವಳ ಓದು ನಡೆಯುವುದು ನನ್ನ ಮಣಿಕಟ್ಟಿನಿಂದ.

ಕೋಣೆ ಕೆಲಸದವರ ಸೂಪರ್‌ವೈಸರ್ ರೆನಾಂತೆ ಹತ್ತಿರ ರಜೆ ಕೇಳಲು ಹೋದೆ. ಅವನೂ ನಮ್ಮ ಕಡೆಯವನೇ, ನನಗಿಂತ ಚಿಕ್ಕವನು. ನನ್ನನ್ನು ಮನಾಂಗ್ ಅನ್ನುತ್ತಾನೆ. ಅಂದರೆ ಅಕ್ಕ.

"ಹೋಗೋದಾದ್ರೆ ಹೋಗಿ ಮನಾಂಗ್. ಯಾರೂ ಕಾಲು ಹಿಡ್ಕೊಳ್ಳಲ್ಲ. ಆದ್ರೆ ವಾಪಸ್ ಬರೋಕೆ ಕೆಲಸ ಇರಲ್ಲ," ಅಂದ.

"ನಮ್ಮಮ್ಮ ಕಣೋ."

"ಗೊತ್ತು. ನೀವು ಹೋದ್ರೆ ಅವರೇನು ಎದ್ದು ಕೂರ್ತಾರಾ?"

ಎದ್ದು ಕೂರುವುದಿಲ್ಲ. ಅಮ್ಮ ಕೂತದ್ದೇ ಕಡಿಮೆ. ತಲೆ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಒಣಮೀನು ಮಾರಿದವಳು. ಸಂತೆಯಲ್ಲಿ ಕೂತರೆ ನೆಲದ ಮೇಲೆ. ಅವಳನ್ನು ಮಣ್ಣಿಗೆ ಇಳಿಸುವುದನ್ನು ನಾನು ಅಂಗಳದಲ್ಲಿ ನಿಂತು ಫೋನಿನಲ್ಲಿ ನೋಡಿದೆ. ನೋಡಿ ಮುಗಿಸಿ, ಮುಖ ತೊಳೆದುಕೊಂಡು, ಸೂಟುಗಳ ಸಂಜೆಯ ಹಾಸಿಗೆ ಸರಿಮಾಡಲು ಹೋದೆ. ಒಬ್ಬ ಹೆಂಗಸು, ಇವತ್ತು ನಿನ್ನ ನಗು ಸಪ್ಪೆಯಾಗಿದೆ ಅಂದಳು. ಸಾರಿ ಮ್ಯಾಡಂ ಅಂದೆ.

ನಮ್ಮ ಕಡೆ ಮಣ್ಣು ಕೊಟ್ಟ ಮೇಲೆ ಒಂಬತ್ತು ದಿನ ಪ್ರಾರ್ಥನೆ ಇರುತ್ತದೆ. ಕೊನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಬೇಯಿಸಿ ತಟ್ಟೆಯಲ್ಲಿ ಇಡುತ್ತೇವೆ. ಅದನ್ನು ಗೋಡೆಯೊಳಗೆ ಇಡಬಾರದು, ಆಕಾಶ ಕಾಣುವ ಕಡೆ ಇಡಬೇಕು. ಪಕ್ಕದಲ್ಲಿ ಮೇಣದ ಬತ್ತಿ ಹಚ್ಚುತ್ತೇವೆ. ಬತ್ತಿ ಉರಿದು ಮುಗಿಯುವ ತನಕ ಯಾರೂ ತಟ್ಟೆ ಮುಟ್ಟುವಂತಿಲ್ಲ. ಸತ್ತವರು ಬಂದು ಉಂಡು ಹೋಗುತ್ತಾರೆ. ಮಧ್ಯೆ ಯಾರಾದರೂ ಕೈ ಹಾಕಿದರೆ ಹಸಿದುಕೊಂಡೇ ಹೋಗುತ್ತಾರೆ. ಬೇರೆಯವರಿಗೆ ಇದು ಮೂಢನಂಬಿಕೆ ಇರಬಹುದು. ನನ್ನ ಅಮ್ಮ ಬದುಕಿದ್ದಾಗ ಎಷ್ಟೋ ಸಲ ಹಸಿದುಕೊಂಡು ಮಲಗಿದವಳು. ಹೋಗುವಾಗಲೂ ಹಾಗೇ ಹೋಗಬಾರದಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಪ್ರಾರ್ಥನೆ ಹೇಳಿಸಲು ಮನೋಂಗ್ ತೆರ್ಯೋ ಒಪ್ಪಿದರು. ಲಾಂಡ್ರಿಯಲ್ಲಿ ಕೆಲಸ ಮಾಡುವ ಹಿರಿಯರು ಅವರು, ನಮಗೆಲ್ಲ ಅಣ್ಣ. ಹಡಗಿನ ತಳದಲ್ಲಿ, ಇಸ್ತ್ರಿ ಯಂತ್ರದ ಬಿಸಿಯಲ್ಲಿ ಬೆಂದು ಬೆಂದು ಅವರ ಮುಂಗೈ ಮೇಲೆ ರೋಮವೇ ಉಳಿದಿಲ್ಲ. ಹಡಗಿನಲ್ಲಿ ಬೆಂಕಿ ಕಡ್ಡಿ ಗೀರುವಂತಿಲ್ಲ, ಗೀರಿದರೆ ಅವತ್ತೇ ಮನೆಗೆ. ಅದಕ್ಕೆ ಊಟದ ಹಾಲಿನ ಮೇಜಿನ ಮೇಲಿಡುವ ಬ್ಯಾಟರಿ ಬತ್ತಿ ತಂದೆವು.

"ಇದು ಉರಿದು ಮುಗಿಯಲ್ವಲ್ಲ ಮನೋಂಗ್, ಅಮ್ಮ ಉಂಡಾಯ್ತು ಅಂತ ಗೊತ್ತಾಗೋದು ಹೆಂಗೆ?" ಅಂದೆ.

"ಸೂರ್ಯ ಮುಳುಗಿದ್ರೆ ಆಯ್ತು ಅಂತ ಇಟ್ಕೊ. ಅವನನ್ನ ಇವರು ಬ್ಯಾಟರಿಗೆ ಹಾಕಿಲ್ಲ ಇನ್ನೂ," ಅಂದರು.

ದಿನಾ ಸಂಜೆ ಬಿಡುವಿದ್ದವರು ಅಂಗಳದಲ್ಲಿ ಸೇರಿ ಪ್ರಾರ್ಥನೆ ಮಾಡಿದೆವು. ಅರ್ಧಕ್ಕೆ ಬಂದಿರುವಾಗ ಅಂಗಳ ಹೋಯಿತು.

ಅದು ಹೋದದ್ದು ಹೀಗೆ. ಸೂಟಿನವರಿಗೆ ಅಂತ ಬೇರೆಯೇ ಒಂದು ಬಿಸಿಲುಮಚ್ಚು ಇತ್ತು, ನಮ್ಮ ಅಂಗಳದ ಹಿಂದೆ, ಒಂದು ಅಂತಸ್ತು ಮೇಲೆ. ಮೆತ್ತನೆಯ ಒರಗುಕುರ್ಚಿ, ಬಿಳಿ ನಿಲುವಂಗಿ, ಸಂಜೆಗೆ ತಟ್ಟೆ ತುಂಬ ತಿಂಡಿ, ಕರೆದರೆ ಓಡಿ ಬರಲು ನಾವು. ಬೇರೆ ಪ್ರಯಾಣಿಕರು ಗಾಜಿನ ಬಾಗಿಲಿನ ಆಚೆಯಿಂದ ಇಣುಕಬೇಕಿತ್ತು. ಕಂಪನಿಗೆ ಆ ಇಣುಕುವವರಲ್ಲಿ ದುಡ್ಡು ಕಂಡಿತು. ಗೋಲ್ಡ್ ಪಾಸ್ ಅಂತ ಶುರು ಮಾಡಿದರು. ಯಾವ ಸಣ್ಣ ಕೋಣೆಯಲ್ಲಿದ್ದರೂ ಸರಿ, ಮೇಲೊಂದು ಶುಲ್ಕ ಕೊಟ್ಟರೆ ಮಣಿಕಟ್ಟಿಗೆ ಚಿನ್ನದ ಬಣ್ಣದ ಪಟ್ಟಿ. ಪಟ್ಟಿ ಕಟ್ಟಿಕೊಂಡವರಿಗೆ ಸೂಟಿನವರ ಸೌಲಭ್ಯವೆಲ್ಲ. ಲಿಫ್ಟಿನ ಪಕ್ಕ ದೊಡ್ಡ ಬೋರ್ಡು ಬಂತು: "ಇನ್ನು ಇದು ಯಾರಿಗಾದರೂ!"

ಮಂದಿ ದುಪ್ಪಟ್ಟಾದರು. ನಮ್ಮ ಕೈಗಳು ಅಷ್ಟೇ ಇದ್ದವು. ನಾನು ಸೂಟಿನ ಹಾಸಿಗೆಯೂ ಮಾಡಿ, ಪಟ್ಟಿಯವರ ನಿಲುವಂಗಿಯನ್ನೂ ಹೊತ್ತು ಓಡತೊಡಗಿದೆ. ಕೆಳಗೆ ಮನೋಂಗ್ ತೆರ್ಯೋ ಒದ್ದೆ ಟವೆಲ್ಲಿನ ಗುಡ್ಡದಲ್ಲಿ ಹೂತುಹೋದರು. ಇತ್ತ ಸೂಟಿನವರಿಗೆ ಮೈಯೆಲ್ಲ ಉರಿ. ಒಬ್ಬ ಮುದುಕಿ ನನ್ನನ್ನು ಕರೆದು, ಆ ಪಾಸಿನವರು ಮುಟ್ಟಿದ ಟವೆಲ್ಲು ನನಗೆ ಬರಬಾರದು, ಬೇರೆ ಒಗೆಸು ಅಂದಳು. ಆಗಲಿ ಮ್ಯಾಡಂ ಅಂದೆ. ಎಲ್ಲವೂ ಒಂದೇ ಯಂತ್ರಕ್ಕೆ ಹೋದವು. ಕಂಡಕಂಡವರೆಲ್ಲ ಬಂದು ನಮ್ಮ ಕುರ್ಚಿ ಹಿಡಿಯುತ್ತಾರೆ ಅಂತ ಅವರು ಹಡಗಿನ ಹೋಟೆಲ್ ಮೇನೇಜರನ ಕಿವಿ ಕಚ್ಚಿದರು. ಮೇನೇಜರನ ಹೆಸರು ಹೆಂಡ್ರಿಕ್ಸ್. ಅವನು ಜಾಗ ಹುಡುಕಿದ. ಕೆಳಗೆ ನಮ್ಮ ಅಂಗಳ ಕಂಡಿತು.

ಒಂದು ಸಂಜೆ ಹೋದರೆ ಬಾಗಿಲಿಗೆ ಬೀಗ. ಮಾರನೆಯ ದಿನ ಕಬ್ಬಿಣದ ನೆಲದ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಹೊತ್ತು ತಂದು ಹಾಸಿದವರೂ ನಾವೇ. ಒರಗುಕುರ್ಚಿಗಳನ್ನು ಸಾಲಾಗಿ ಇಟ್ಟವರೂ ನಾವೇ. ಅವತ್ತಿನಿಂದ ಪ್ರಾರ್ಥನೆ ಕೆಳಗೆ ಕೊಳವೆಗಳ ಸಂದಿಯಲ್ಲಿ ನಡೆಯಿತು. ಪ್ರಾರ್ಥನೆ ಎಲ್ಲಿ ಮಾಡಿದರೂ ನಡೆಯುತ್ತದೆ. ತಟ್ಟೆಗೆ ಆಕಾಶ ಬೇಕು.

ಹೆಂಡ್ರಿಕ್ಸನ ಕೋಣೆಗೆ ಹೋದೆ. ನಿಂತುಕೊಂಡೇ ಮಾತಾಡಿದೆ. ಅವನ ಎದುರು ಎರಡು ಕುರ್ಚಿ ಖಾಲಿ ಇದ್ದವು.

"ಸರ್, ಒಂದು ಸಂಜೆ ಸಾಕು. ಒಂದು ಮೂಲೆ ಸಾಕು. ಸೂರ್ಯ ಮುಳುಗೋ ತನಕ."

"ನಿನ್ನ ದುಃಖ ನನಗೆ ಅರ್ಥ ಆಗುತ್ತೆ ಲೆಟಿ. ಕೆಳಗೆ ನಿಮ್ಮ ಊಟದ ಹಾಲ್ ಇದೆಯಲ್ಲ, ಅಲ್ಲಿ ಮಾಡ್ಕೊಳ್ಳಿ."

"ಅಲ್ಲಿ ಆಕಾಶ ಕಾಣಲ್ಲ ಸರ್."

"ಅದು ಈಗ ಪಾಸಿನವರ ಜಾಗ. ನಾನೇನು ಮಾಡ್ಲಿ?"

"ದುಡ್ಡು ಕೊಟ್ರೆ ಯಾರಿಗಾದ್ರೂ ಅಂತ ಬೋರ್ಡ್ ಹಾಕಿದೀರಲ್ಲ ಸರ್. ನಾನೂ ಕೊಡ್ತೀನಿ. ನನಗೂ ಒಂದು ಪಾಸ್ ಕೊಡಿ."

ಅವನು ನಕ್ಕುಬಿಟ್ಟ. ಕೆಟ್ಟ ನಗುವಲ್ಲ. ಮಗು ಚಂದ್ರ ಬೇಕು ಅಂದಾಗ ನಗುತ್ತಾರಲ್ಲ, ಹಾಗೆ.

"ಯಾರಿಗಾದ್ರೂ ಅಂದ್ರೆ ಪ್ರಯಾಣಿಕರಲ್ಲಿ ಯಾರಿಗಾದ್ರೂ ಲೆಟಿ. ನೀವು ಅದರಲ್ಲಿ ಬರಲ್ಲ."

ಬಡವರಿಗೆ ದುಡ್ಡಿಲ್ಲ, ಅದಕ್ಕೆ ಒಳಗೆ ಬಿಡುವುದಿಲ್ಲ ಅಂತ ನಾನು ಇಷ್ಟು ವರ್ಷ ನಂಬಿದ್ದೆ. ದುಡ್ಡು ಚಾಚಿದರೂ ಬಿಡುವುದಿಲ್ಲ. ನಮ್ಮ ಬೆವರಿಗಿಂತ ನಮ್ಮ ದುಡ್ಡು ಅವರಿಗೆ ಇನ್ನೂ ಮೈಲಿಗೆ.

ಕೊನೆಯ ದಿನ ಬಂತು. ಅಂಗಳದಲ್ಲಿ ಟವೆಲ್ ಕೊಡುವ ಕೆಲಸಕ್ಕೆ ರೆನಾಂತೆ ನನ್ನನ್ನೇ ಹಾಕಿದ್ದ. ಗೊತ್ತಿದ್ದೇ ಹಾಕಿದನೋ, ಬೇರೆ ಯಾರೂ ಇರಲಿಲ್ಲವೋ, ನಾನು ಕೇಳಲಿಲ್ಲ. ಅಡುಗೆಮನೆಯಲ್ಲಿರುವ ನಮ್ಮ ಕಡೆಯವರು ಅಮ್ಮನಿಗೆ ಇಷ್ಟವಾದ ಇಬೋಸ್ ಮಾಡಿಕೊಟ್ಟಿದ್ದರು. ತೆಂಗಿನ ಹಾಲಿನಲ್ಲಿ ಬೆಂದ ಅಂಟಕ್ಕಿ, ಎಲೆಯಲ್ಲಿ ಸುತ್ತಿದ್ದು. ಊರಲ್ಲಿ ತಾಳೆಯ ಎಳೆ ಗರಿಯಲ್ಲಿ ಸುತ್ತುತ್ತೇವೆ. ಇಲ್ಲಿ ಊಟದ ಮೇಜಿನ ಅಲಂಕಾರಕ್ಕೆ ತಂದ ಬಾಳೆಲೆ ಸಿಕ್ಕಿತು. ಜೊತೆಗೆ ಒಂದು ಒಣಮೀನು, ಒಂದು ಲೋಟ ಕಪ್ಪು ಕಾಫಿ, ಬ್ಯಾಟರಿ ಬತ್ತಿ. ಎಲ್ಲವನ್ನೂ ಒಂದು ದೊಡ್ಡ ತಟ್ಟೆಯಲ್ಲಿ ಜೋಡಿಸಿ, ಹೊತ್ತು ಇಳಿಯುವಾಗ ಟವೆಲ್ಲಿನ ಗಾಡಿಯ ಕೆಳಗಿಟ್ಟುಕೊಂಡು ಮೇಲೆ ತಂದೆ. ಹಗ್ಗದ ಉರುಳೆಯ ಹಿಂದೆ, ಯಾರೂ ಹೋಗದ ಮೂಲೆಯಲ್ಲಿ, ಕಡಲ ಕಡೆ ಮುಖಮಾಡಿ ಇಟ್ಟೆ. ಬಾ ಅಮ್ಮ, ಬಿಸಿಯಿರುವಾಗಲೇ ಉಣ್ಣು ಅಂದೆ. ಮತ್ತೆ ಹೋಗಿ ಟವೆಲ್ ಹಂಚತೊಡಗಿದೆ.

ಚಿನ್ನದ ಪಟ್ಟಿ ಕಟ್ಟಿದ ಒಬ್ಬ ದಪ್ಪ ಮನುಷ್ಯ ಬೆಳಗಿನಿಂದ ಸುತ್ತಾಡುತ್ತಿದ್ದ. ನಿಲುವಂಗಿ ತೊಟ್ಟಿದ್ದ. ಕೊಟ್ಟ ದುಡ್ಡು ಪೂರ್ತಿ ವಸೂಲಿಯಾಗಬೇಕು ಅಂತ ಕಂಡದ್ದನ್ನೆಲ್ಲ ಕೇಳಿ ತರಿಸಿಕೊಳ್ಳುವವನು. ಅವನು ಫೋಟೋ ತೆಗೆಯುತ್ತಾ ಉರುಳೆಯ ಹಿಂದೆ ಹೋದದ್ದು ನನಗೆ ಕಾಣಲಿಲ್ಲ. ತಿರುಗಿ ನೋಡಿದಾಗ ಅವನ ಕೈಯಲ್ಲಿ ಅಮ್ಮನ ತಟ್ಟೆ ಇತ್ತು. ಬಾಯಿ ಆಡುತ್ತಿತ್ತು. ಒಂದು ಇಬೋಸ್ ಖಾಲಿಯಾಗಿತ್ತು. ಇನ್ನೊಂದನ್ನು ಕಚ್ಚಿ ಬಿಟ್ಟಿದ್ದ.

"ಏನಿದು, ಹೊಸ ತಿಂಡಿನಾ? ಸಕ್ಕರೆ ಸಾಲದು. ಒಂದಿಷ್ಟು ತಂದುಕೊಡು," ಅಂದ.

"ಅದು ನಮ್ಮಮ್ಮಂದು ಸರ್."

"ಓ! ನಿಮ್ಮಮ್ಮ ಮಾಡಿದ್ದಾ? ಚೆನ್ನಾಗಿ ಮಾಡ್ತಾರೆ ಅಂತ ಹೇಳು."

"ನಮ್ಮಮ್ಮ ಸತ್ತುಹೋದ್ಲು. ಅದು ಅವಳ ಊಟ."

ಅವನ ಬಾಯಿ ನಿಂತಿತು. ಪ್ಲಾಸ್ಟಿಕ್ ಹುಲ್ಲಿನ ಮೇಲೆ ಥೂ ಅಂತ ಉಗಿದ. ತಟ್ಟೆಯನ್ನು ಕೈಬಿಟ್ಟ. ಒಣಮೀನು ಒಂದು ಕಡೆ, ಲೋಟ ಒಂದು ಕಡೆ ಉರುಳಿತು. ಹೆಣದ ಊಟ ತಿನ್ನಿಸಿದ್ದೀರಿ ನನಗೆ, ದುಡ್ಡು ಕೊಟ್ಟು ಬಂದಿದ್ದೀನಿ ನಾನು ಅಂತ ಅರಚತೊಡಗಿದ. ಒರಗಿದ್ದವರೆಲ್ಲ ಎದ್ದು ಕೂತರು. ನಾನು ತಿನ್ನಿಸಿರಲಿಲ್ಲ. ಎಟುಕಿದ್ದೆಲ್ಲ ನಿನ್ನದೇ ಅಂತ ಹೇಳಿ ಅವನಿಗೆ ಯಾರೋ ಪಾಸು ಮಾರಿದ್ದರು.

ಹೆಂಡ್ರಿಕ್ಸ್ ಓಡಿ ಬಂದ. ಹಿಂದೆಯೇ ರೆನಾಂತೆ. ಆ ಮನುಷ್ಯನ ಮಾತು ಪೂರ್ತಿ ಕೇಳಿದರು. ನನ್ನ ಮಾತು ಕೇಳಲಿಲ್ಲ.

"ಇವರ ಹತ್ರ ಕ್ಷಮೆ ಕೇಳು," ಹೆಂಡ್ರಿಕ್ಸ್ ಅಂದ. "ಇಲ್ಲೇ, ಎಲ್ಲರ ಮುಂದೆ. ಕೇಳಿದ್ರೆ ವಿಷಯ ಇಲ್ಲಿಗೇ ಬಿಡ್ತೀನಿ. ಕೆಲಸಕ್ಕೇನೂ ತೊಂದರೆ ಇಲ್ಲ."

ರೆನಾಂತೆ ನನ್ನ ಕಿವಿಯ ಹತ್ತಿರ ಬಂದು ನಮ್ಮ ಭಾಷೆಯಲ್ಲಿ ಪಿಸುಗುಟ್ಟಿದ. "ಅಂದ್ಬಿಡಿ ಮನಾಂಗ್. ಒಂದು ಪದ. ನಿಮ್ಮ ಗಂಟೇನು ಹೋಗುತ್ತೆ? ಮಗಳ ಓದು ನೆನೆಸ್ಕೊಳ್ಳಿ."

ಒಂದು ಪದವೇ. ಅವರ ಕೂದಲು ಅವರ ಮೋರಿ ಕಟ್ಟಿದರೆ ನಾನು ಸಾರಿ ಅಂದಿದ್ದೇನೆ. ಕಡಲು ಅಲುಗಾಡಿದರೆ ಸಾರಿ ಅಂದಿದ್ದೇನೆ. ಮಳೆ ಬಂದರೂ ಅಂದಿದ್ದೇನೆ. ಒಬ್ಬ ನನ್ನ ಸೊಂಟಕ್ಕೆ ಕೈ ಹಾಕಿದಾಗ, ಬೆಚ್ಚಿ ಅವನ ಕಾಫಿ ಚೆಲ್ಲಿದ್ದಕ್ಕೆ ನಾನೇ ಸಾರಿ ಅಂದಿದ್ದೇನೆ. ಈಗಲೂ ಬಾಯಿ ತಾನಾಗಿಯೇ ತೆರೆಯಿತು. ಪದ ನಾಲಿಗೆ ತುದಿಗೆ ಬಂತು. ಆಗ ಕಾಲ ಬಳಿ ಬಾಳೆಲೆ ಕಾಣಿಸಿತು. ಅದರಲ್ಲಿ ಅವನ ಹಲ್ಲಿನ ಗುರುತಿರುವ ಅಮ್ಮನ ಅನ್ನ.

ನಾನು ಬಾಯಿ ಮುಚ್ಚಿದೆ. ಪಕ್ಕದಲ್ಲಿದ್ದ ಒರಗುಕುರ್ಚಿಯ ಮೇಲೆ ಕೂತುಬಿಟ್ಟೆ.

ಮೆತ್ತಗಿತ್ತು. ಇಷ್ಟು ಮೆತ್ತಗಿರುತ್ತದೆ ಅಂತ ಒರೆಸುವಾಗ ಗೊತ್ತಾಗಿರಲಿಲ್ಲ.

"ಏಳು," ಹೆಂಡ್ರಿಕ್ಸ್ ಹಲ್ಲು ಕಚ್ಚಿ ಅಂದ.

"ಏಳಲ್ಲ."

"ಅದು ನನ್ನ ಕುರ್ಚಿ!" ಆ ಮನುಷ್ಯ ಕಿರುಚಿದ. "ನಾನು ದುಡ್ಡು ಕೊಟ್ಟಿದೀನಿ!"

"ನಾನೂ ಕೊಡ್ತೀನಿ ಅಂದೆ. ನನ್ನ ದುಡ್ಡು ಇವರಿಗೆ ಬೇಡವಂತೆ. ಕೇಳಿ ಬೇಕಾದ್ರೆ."

"ಲೆಟಿ, ನೀನು ಏನು ಮಾಡ್ತಿದೀಯ ಅಂತ ಗೊತ್ತಾ ನಿನಗೆ?"

"ಕೂತಿದೀನಿ. ನೀವು ನೋಡಿಲ್ಲ ಅನ್ಸುತ್ತೆ, ನಾವು ಕೂತ್ರೆ ಹಿಂಗೇ ಕಾಣ್ತೀವಿ."

"ಇವಳನ್ನ ಎಬ್ಬಿಸು," ಅಂತ ಹೆಂಡ್ರಿಕ್ಸ್ ರೆನಾಂತೆಗೆ ಹೇಳಿದ. ರೆನಾಂತೆ ನನ್ನ ತೋಳು ಹಿಡಿದ. ಬಟ್ಟೆ ಕಟ್ಟಿದ್ದ ಮಣಿಕಟ್ಟಿನ ಹತ್ತಿರವೇ ಹಿಡಿದ. ನೋವಿಗೆ ಕಣ್ಣು ಕತ್ತಲಿಟ್ಟಿತು.

"ನಿಮ್ಮಮ್ಮನೂ ಇದ್ದಾರಲ್ಲೋ ರೆನಾಂತೆ," ಅಂದೆ. "ಅವರ ತಟ್ಟೆ ಎಲ್ಲಿಡ್ತೀಯ? ಇವನ ಬಾಯಲ್ಲಾ?"

ಅವನ ಕೈ ಸಡಿಲವಾಯಿತು. ನನ್ನ ಪರವಾಗಿ ಅವನು ಒಂದು ಮಾತೂ ಆಡಲಿಲ್ಲ. ಎಳೆಯಲೂ ಇಲ್ಲ. ಗೋಡೆ ಕಡೆ ಹೋಗಿ ನಿಂತ.

ಕಾವಲಿನವರು ಬಂದರು. ಅಷ್ಟರಲ್ಲಿ ಪ್ರಯಾಣಿಕರ ಫೋನುಗಳು ಮೇಲೆದ್ದಿದ್ದವು. ಎಲ್ಲರೂ ವಿಡಿಯೋ ಹಿಡಿಯುತ್ತಿದ್ದರು. ನನ್ನ ಮೇಲಿನ ಕನಿಕರದಿಂದ ಏನಲ್ಲ, ಪಾಸಿನ ಜೊತೆ ಬಂದ ಪುಕ್ಕಟೆ ತಮಾಷೆ ಅದು. ಆದರೆ ಹೆಂಡ್ರಿಕ್ಸ್ ಆ ಫೋನುಗಳನ್ನು ನೋಡಿ ಕಾವಲಿನವರಿಗೆ ತಡೆಯಿರಿ ಅಂತ ಕೈ ತೋರಿಸಿದ. ಹೆಂಗಸನ್ನು ಎಳೆದಾಡುವ ಚಿತ್ರ ಊರೆಲ್ಲ ಹರಿದಾಡುವುದು ಅವನಿಗೆ ಬೇಕಿರಲಿಲ್ಲ.

ಸುದ್ದಿ ಕೆಳಗಿನ ತನಕ ಹೋಗಿತ್ತು. ಸ್ವಲ್ಪ ಹೊತ್ತಿಗೆ ಪ್ರಯಾಣಿಕರ ಲಿಫ್ಟಿನ ಬಾಗಿಲು ತೆರೆಯಿತು. ಮನೋಂಗ್ ತೆರ್ಯೋ ಹೊರಗೆ ಬಂದರು. ಬೆವರಿಗೆ ಬನಿಯನ್ ಮೈಗೆ ಅಂಟಿತ್ತು. ಅವರ ಹಿಂದೆ ಲಾಂಡ್ರಿಯವರು, ಪಾತ್ರೆ ತೊಳೆಯುವವರು ಕೆಲವರು. ಆ ಲಿಫ್ಟಿನ ಕನ್ನಡಿಯಲ್ಲಿ ಅವರು ತಮ್ಮ ಮುಖ ನೋಡಿಕೊಂಡದ್ದು ಅದೇ ಮೊದಲು. ಮನೋಂಗ್ ಕೈಯಲ್ಲಿ ನಮ್ಮ ಊಟದ ಹಾಲಿನ ತಟ್ಟೆ ಇತ್ತು. ಅದರಲ್ಲಿ ತಣ್ಣಗಾದ ಅನ್ನ, ಅರ್ಧ ಒಣಮೀನು. ಇನ್ನೊಬ್ಬರ ಕೈಯಲ್ಲಿ ಸ್ಟೀಲ್ ಲೋಟ.

"ಇಬೋಸ್ ಮುಗಿದಿತ್ತು," ಅಂದರು. "ಇರೋದನ್ನ ತಂದೆ. ನಿಮ್ಮಮ್ಮ ಬೇಡ ಅನ್ನೋರಲ್ಲ."

"ಅನ್ನಲ್ಲ ಮನೋಂಗ್. ಅನ್ನ ಬೇಡ ಅಂದೋಳೇ ಅಲ್ಲ ಅವಳು."

"ತೆರ್ಯೋ, ಇದಕ್ಕೆ ನಿನ್ನ ಕೆಲಸಾನೂ ಹೋಗುತ್ತೆ," ಹೆಂಡ್ರಿಕ್ಸ್ ಅಂದ.

"ಒಯ್ಯಿರಿ ಸರ್," ಅಂದರು ಮನೋಂಗ್. "ನನ್ನ ಚರ್ಮ ಆಗಲೇ ಒಯ್ದಿದೀರಿ."

ಬಿದ್ದಿದ್ದ ಬ್ಯಾಟರಿ ಬತ್ತಿಯನ್ನು ಹುಡುಕಿ ತಂದು, ಒರಗುಕುರ್ಚಿಗಳ ಪಕ್ಕದ ಬಿಳಿ ಮೇಜಿನ ನಟ್ಟನಡುವೆ ತಟ್ಟೆ ಇಟ್ಟು, ಪಕ್ಕದಲ್ಲಿ ಹಚ್ಚಿದರು. ಆಮೇಲೆ ಕೊನೆಯ ದಿನದ ಪ್ರಾರ್ಥನೆ ಶುರು ಮಾಡಿದರು. ಅವರು ಒಂದು ಸಾಲು ಹೇಳಿದರೆ ನಾವು ಒಂದು ಸಾಲು. ನಾನು ಕೂತೇ ಹೇಳಿದೆ. ಗಲಾಟೆ ಕೇಳಿ ಮೇಲಿನಿಂದ ಇಳಿದು ಬಂದ ಸೂಟಿನವರು, ಪಾಸಿನವರು, ಅಷ್ಟು ದಿನ ಒಬ್ಬರನ್ನೊಬ್ಬರು ಕಂಡರಾಗದವರು, ಈಗ ಒಟ್ಟಾಗಿ ಒಂದೇ ಮೂಲೆಯಲ್ಲಿ ನಿಂತು ನಮ್ಮನ್ನು ನೋಡಿದರು. ನಮ್ಮ ವಿಷಯದಲ್ಲಿ ಅವರಿಗೆ ಬೇಗ ಒಗ್ಗಟ್ಟು ಬಂತು. ಯಾರೋ ಒಬ್ಬಳು, ಹುಚ್ಚರು ಅಂದಳು. ಯಾರೂ ತಟ್ಟೆ ಮುಟ್ಟಲಿಲ್ಲ.

ಸೂರ್ಯ ನೀರಿಗಿಳಿದ. ಕೆಂಪು ಹೋಗುವ ತನಕ ಕಾದೆ. ಆಮೇಲೆ ಎದ್ದು ನಿಂತೆ.

"ಅಮ್ಮ ಉಂಡಾಯ್ತು," ಅಂದೆ ಹೆಂಡ್ರಿಕ್ಸನಿಗೆ. "ಈಗ ಎಲ್ಲಿಗೆ ಬರ್ಬೇಕೋ ಹೇಳಿ, ಬರ್ತೀನಿ."

ಕುರ್ಚಿಯ ಮೇಲೆ ನನ್ನ ಬೆವರಿನ ಕಲೆ ಮೂಡಿತ್ತು. ಕೈ ಅಭ್ಯಾಸಬಲದಿಂದ ಟವೆಲ್ಲಿಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಒರೆಸಲಿಲ್ಲ.

ಫ್ಲಾರಿಡಾ ಮುಟ್ಟಿದ ಬೆಳಿಗ್ಗೆ ನನ್ನನ್ನೂ ಮನೋಂಗ್ ತೆರ್ಯೋರನ್ನೂ ಇಳಿಸಿದರು. ಅದಕ್ಕೆ ಮುಂಚೆ ಮಗಳಿಗೆ ಫೋನ್ ಮಾಡಿದ್ದೆ. ಅವಳು ಅತ್ತಳು. ಬೈದಳು. "ಸಾರಿ ಅಂದ್ಬಿಟ್ಟಿದ್ರೆ ಆಗ್ತಿತ್ತಲ್ಲಮ್ಮ," ಅಂದಳು.

"ಆಗ್ತಿತ್ತು," ಅಂದೆ. "ಅದಕ್ಕೇ ಅನ್ನಲಿಲ್ಲ."

ಅವಳ ಓದು ಏನಾಗುತ್ತದೋ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳುವುದಿಲ್ಲ. ಭಯ ಇದೆ. ಸಿಟ್ಟು ಅದಕ್ಕಿಂತ ದೊಡ್ಡದಿದೆ.

ಕಾವಲಿನವನು ಹಿಂದೆ, ನಾವಿಬ್ಬರು ಮುಂದೆ, ಬಂದರಿನ ಓಣಿಯಲ್ಲಿ ನಡೆದೆವು. ಪಕ್ಕದಲ್ಲಿ ಹೊಸ ಪ್ರಯಾಣಿಕರ ಸಾಲು ನಿಂತಿತ್ತು. ಅವರ ತಲೆಯ ಮೇಲೆ ಅದೇ ಬೋರ್ಡು, "ಇನ್ನು ಇದು ಯಾರಿಗಾದರೂ!" ಆಗಷ್ಟೇ ಮಣಿಕಟ್ಟಿಗೆ ಚಿನ್ನದ ಪಟ್ಟಿ ಕಟ್ಟಿಸಿಕೊಂಡ ಒಬ್ಬಳು ನನ್ನ ಮುಖ ನೋಡಿದಳು. ನನ್ನ ಮೈಮೇಲೆ ಸಮವಸ್ತ್ರ ಇರಲಿಲ್ಲ. ನನ್ನ ಕೈಯಲ್ಲಿ ನನ್ನದೇ ಪೆಟ್ಟಿಗೆ ಇತ್ತು. ಅದ್ಯಾವುದೂ ಅವಳಿಗೆ ಕಾಣಲಿಲ್ಲ. ನನ್ನ ಚರ್ಮದ ಬಣ್ಣ ಕಂಡಿತು, ಅಷ್ಟೇ ಸಾಕಾಯಿತು.

"ಏಯ್, ಇದನ್ನ ಮೇಲೆ ತಗೊಂಡು ಹೋಗು," ಅಂತ ತನ್ನ ಚೀಲವನ್ನು ನನ್ನತ್ತ ಚಾಚಿ, ಕೈಬಿಟ್ಟಳು. ನಾನು ಹಿಡಿದೇ ಹಿಡಿಯುತ್ತೇನೆ ಅಂತ ಅವಳಿಗೆ ಅಷ್ಟು ಖಾತ್ರಿ.

ನಾನು ಕೈ ಚಾಚಲಿಲ್ಲ. ಚೀಲ ದೊಪ್ಪನೆ ನೆಲಕ್ಕೆ ಬಿತ್ತು. ಒಳಗೆ ಗಾಜಿನದೇನೋ ಒಡೆಯಿತು. ಅವಳು ಕಾಯುತ್ತಾ ನಿಂತಳು. ನಾನು ಸಾರಿ ಅನ್ನಲೆಂದು ಕಾಯುತ್ತಿದ್ದಳು.

ಅದನ್ನು ದಾಟಿಕೊಂಡು ಹೋದೆ.